ಹಳೆಯ ಫ್ಯಾಷನ್ ಚಿತ್ರ ನೋಡಿ ಕಾಲ ಹೇಳುವುದು ಹೇಗೆ? ಮೊದಲು ಸೊಂಟ ಎಲ್ಲಿದೆ ನೋಡಿ

ಇಪ್ಪತ್ತನೇ ಶತಮಾನದ ಫ್ಯಾಷನ್ ಚರಿತ್ರೆ ಕಲಿಯಬೇಕು ಅಂತ ಹೊರಟವರು ಹೆಚ್ಚಾಗಿ ವಿನ್ಯಾಸಕರ ಹೆಸರುಗಳಿಂದ ಶುರು ಮಾಡುತ್ತಾರೆ. ಪ್ವಾರೆ, ಶನೆಲ್, ಡಿಯೋರ್, ಬಾಲೆನ್ಸಿಯಾಗ ಅಂತ ಪಟ್ಟಿ ಉರು ಹೊಡೆದಿರುತ್ತಾರೆ, ಆದರೆ ಒಂದು ಚಿತ್ರ ಮುಂದಿಟ್ಟು ಇದು 1912ರದೋ 1932ರದೋ ಹೇಳಿ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಹೆಸರು ಹೇಗೂ ನಿಧಾನಕ್ಕೆ ಬಾಯಿಗೆ ಬರುತ್ತದೆ. ಮೊದಲು ಕಣ್ಣು ಪಳಗಬೇಕು. ಹೆಂಗಸರ ಉಡುಪಿನ ಚಿತ್ರವಾದರೆ ಕಣ್ಣು ಪಳಗಿಸೋದು ಅಷ್ಟೇನೂ ಕಷ್ಟವಲ್ಲ.

ಒಂದು ಚಿತ್ರ ಆರಿಸಿಕೊಳ್ಳಿ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಹೊರಗೆರೆ ಮಾತ್ರ ಎಳೆಯಿರಿ. ಬಣ್ಣ, ಕಸೂತಿ, ಮುತ್ತಿನ ಸರ, ಮುಖ, ಏನೂ ಬೇಡ. ಫೋನಿನಲ್ಲಿ ನೋಡುತ್ತಿದ್ದರೆ ಕಪ್ಪುಬಿಳುಪು ಮಾಡಿ ಕಾಂಟ್ರಾಸ್ಟ್ ಜಾಸ್ತಿ ಮಾಡಿ. ಅದೂ ಬೇಡ ಅಂದರೆ ಸುಮ್ನೆ ಕಣ್ಣು ಕಿರಿದು ಮಾಡಿ ನೋಡಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಸೊಂಟ ಎಲ್ಲಿದೆ? ಲಂಗದ ಅಂಚು ಎಲ್ಲಿ ನಿಂತಿದೆ? ಭುಜ ಎಷ್ಟು ಅಗಲ? ಇದೇ ಕ್ರಮದಲ್ಲಿ ಕೇಳಿ, ಯಾಕೆಂದರೆ ಸೊಂಟ ಹೇಳುವಷ್ಟು ಸತ್ಯವನ್ನು ಉಳಿದ ಎರಡೂ ಹೇಳುವುದಿಲ್ಲ.

ಸೊಂಟ ಕಡ್ಡಿಯಂತೆ ಸಣ್ಣಗಿದ್ದು, ಎದೆ ಮುಂದಕ್ಕೆ, ಹಿಂಭಾಗ ಹಿಂದಕ್ಕೆ ತಳ್ಳಿದ ಹಾಗಿದ್ದು, ಪಕ್ಕದಿಂದ ನೋಡಿದರೆ ದೇಹ ಇಂಗ್ಲಿಷಿನ ಎಸ್ ಅಕ್ಷರದ ಥರ ಕಂಡರೆ ಅದು 1900ರ ಆಸುಪಾಸು. ಸೊಂಟ ಬಿಗಿದು ಕಟ್ಟುವ ಒಳಉಡುಪು ಕಾರ್ಸೆಟ್ಟಿನ ಕೆಲಸ ಅದು. ಸೊಂಟ ಮೇಲೇರಿ ಎದೆಯ ಕೆಳಗೇ ಕೂತಿದ್ದು, ಅಲ್ಲಿಂದ ಬಟ್ಟೆ ನೇರ ಕೆಳಗಿಳಿದಿದ್ದರೆ 1908ರಿಂದ 1914ರ ನಡುವೆ ಹುಡುಕಿ. ಪ್ಯಾರಿಸ್ಸಿನ ಪಾಲ್ ಪ್ವಾರೆ ಕಾರ್ಸೆಟ್ ಬಿಡಿಸಿ ಬಟ್ಟೆಯನ್ನು ಭುಜದಿಂದ ಇಳಿಬಿಟ್ಟ ಕಾಲ ಅದು. ಇದೇ ಮನುಷ್ಯ 1910ರ ಸುಮಾರಿಗೆ ಕಾಲು ಬಿಡಿಸಿ ನಡೆಯಲಾಗದಷ್ಟು ಬಿಗಿಯಾದ ಹಾಬಲ್ ಸ್ಕರ್ಟನ್ನೂ ತಂದರು. ಸೊಂಟಕ್ಕೆ ಸ್ವಾತಂತ್ರ್ಯ ಕೊಟ್ಟು ಕಾಲಿಗೆ ಕೋಳ ಹಾಕಿದ ಹಾಗಾಯ್ತು ಅಲ್ವಾ!

ಸೊಂಟ ಜಾರಿ ಹಿಪ್ ಮೇಲೆ ಬಂದು, ಎದೆ ಚಪ್ಪಟೆಯಾಗಿ, ಉಡುಪು ಒಂದು ಉದ್ದನೆ ಚೀಲದಂತೆ ಇದ್ದರೆ 1920ರ ದಶಕ. ಇಲ್ಲಿ ಅಂಚನ್ನೂ ನೋಡಿಬಿಡಿ. ಇಪ್ಪತ್ತರ ದಶಕ ಅಂದ ತಕ್ಷಣ ಎಲ್ಲರೂ ಮೊಣಕಾಲು ಕಾಣುವ ಫ್ರಾಕ್ ಅಂದುಕೊಳ್ಳುತ್ತಾರೆ, ಸಿನಿಮಾದವರಂತೂ ಇಡೀ ದಶಕಕ್ಕೆ ಅದನ್ನೇ ತೊಡಿಸುತ್ತಾರೆ. ನಿಜದಲ್ಲಿ ಅಂಚು ಮೊಣಕಾಲಿನ ಹತ್ತಿರ ಬಂದದ್ದು 1926ರ ಸುಮಾರಿಗೆ. 1923ರಲ್ಲಿ ಅದು ಇನ್ನೂ ಪಾದದ ಗಂಟಿನ ಹತ್ತಿರವೇ ಇತ್ತು. 1929ರಲ್ಲಿ ಪ್ಯಾರಿಸ್ಸಿನ ವಿನ್ಯಾಸಕ ಝಾನ್ ಪಾಟೂ ಅಂಚು ಇಳಿಸಿ ಸೊಂಟವನ್ನು ಅದರ ಜಾಗಕ್ಕೆ ವಾಪಸ್ ತಂದರು, ಉಳಿದವರೂ ಹಿಂದೆ ಹೋದರು.

ಮೂವತ್ತರ ದಶಕದ ಸಂಜೆ ಉಡುಪು ಗುರುತಿಸಲು ಒಂದು ಕರ್ಚೀಫ್ ಸಾಕು. ಅದನ್ನು ಎರಡು ಪಕ್ಕದ ಅಂಚು ಹಿಡಿದು ಎಳೆಯಿರಿ, ಹಿಗ್ಗುವುದಿಲ್ಲ. ಈಗ ಎದುರುಬದುರು ಮೂಲೆ ಹಿಡಿದು ಎಳೆಯಿರಿ. ರಬ್ಬರ್ ಇಲ್ಲದಿದ್ದರೂ ಹಿಗ್ಗುತ್ತದೆ, ಬಿಟ್ಟರೆ ಮೆಲ್ಲಗೆ ಕುಗ್ಗುತ್ತದೆ. ಟೈಲರ್‌ಗಳು ಕ್ರಾಸ್ ಕಟಿಂಗ್ ಅನ್ನುವುದು ಇದನ್ನೇ. ಕಾಲರ್‌ಗೆ, ಪಟ್ಟಿಗೆ ಮೊದಲಿಂದಲೂ ಬಳಸುತ್ತಿದ್ದ ಈ ಉಪಾಯದಲ್ಲಿ ಪ್ಯಾರಿಸ್ಸಿನ ವಿನ್ಯಾಸಕಿ ಮದಲೇನ್ ವಿಯೊನೆ ಇಡೀ ಗೌನನ್ನೇ ಕತ್ತರಿಸಿದರು. ಮೊದಲು ಪುಟ್ಟದೊಂದು ಮರದ ಗೊಂಬೆಯ ಮೇಲೆ ಬಟ್ಟೆ ಹೊದಿಸಿ, ತಿರುಗಿಸಿ, ಪಿನ್ ಹಾಕಿ ನೋಡುತ್ತಿದ್ದರು. ಹೀಗೆ ಕತ್ತರಿಸಿದ ಬಟ್ಟೆ ಮೈಗೆ ಅಂಟಿಕೊಂಡಂತೆ ಇಳಿದು ಕೆಳಗೆ ಬಂದಾಗ ತಾನಾಗಿ ಅಲೆಯಾಗುತ್ತದೆ. ಚಿತ್ರದಲ್ಲಿ ಹೊಲಿಗೆಗಳು ಓರೆಯಾಗಿ ಹಾದುಹೋಗಿದ್ದರೆ, ಸೊಂಟದಲ್ಲಿ ಬೆಲ್ಟಿಲ್ಲದೆಯೂ ಸೊಂಟ ಕಂಡರೆ, ಅದೇ ಗುರುತು.

ನಲವತ್ತರ ದಶಕದ ಮೊದಲ ಅರ್ಧ ಸುಲಭ. ಭುಜ ಚೌಕ, ಲಂಗ ಮೊಣಕಾಲಿನವರೆಗೆ, ಬಟ್ಟೆ ಕಡಿಮೆ. ಯುದ್ಧ ನಡೆಯುತ್ತಿತ್ತು, ನಿಯಮಗಳೇ ಹಾಗಿದ್ದವು. ಬ್ರಿಟನ್ನಿನಲ್ಲಿ 1941ರಿಂದ ಬಟ್ಟೆಗೆ ರೇಷನ್, ಅಮೆರಿಕದಲ್ಲಿ 1942ರ ಎಲ್-85 ಆದೇಶ ಲಂಗಕ್ಕೆ ಎಷ್ಟು ಬಟ್ಟೆ ಬಳಸಬಹುದು ಅನ್ನುವುದನ್ನೂ ಹೇಳುತ್ತಿತ್ತು. ಆಮೇಲೆ 1947ರ ಫೆಬ್ರವರಿ 12. ಪ್ಯಾರಿಸ್ಸಿನ ಅವೆನ್ಯೂ ಮೊಂಟೇನ್, 30ನೇ ನಂಬರಿನ ಕಟ್ಟಡದಲ್ಲಿ ಕ್ರಿಸ್ಟಿಯನ್ ಡಿಯೋರ್ ಮೊದಲ ಸಂಗ್ರಹ ತೋರಿಸಿದರು. ಹಾರ್ಪರ್ಸ್ ಬಜಾರ್ ಅನ್ನುವ ಫ್ಯಾಷನ್ ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಅದಕ್ಕೆ ಇಟ್ಟ ಹೆಸರು ನ್ಯೂ ಲುಕ್. ಅದರಲ್ಲಿನ ಬಾರ್ ಅನ್ನುವ ಹೆಸರಿನ ಸೂಟನ್ನು ಹತ್ತಿರದಿಂದ ನೋಡಿ. ಕೆನೆ ಬಣ್ಣದ ರೇಷ್ಮೆ ಜಾಕೆಟ್ಟು, ಕರಿ ನೆರಿಗೆ ಲಂಗ. ಭುಜ ಇಳಿಜಾರು, ಸೊಂಟ ಮುಷ್ಟಿಯಷ್ಟು, ಜಾಕೆಟ್ಟಿನ ಕೆಳ ಅಂಚು ಹಿಪ್ ಮೇಲೆ ಒಳಗೆ ಪ್ಯಾಡ್ ಇಟ್ಟಂತೆ ಉಬ್ಬಿ ನಿಂತಿದೆ, ಲಂಗ ಮೊಣಕಾಲು ದಾಟಿ ಬಹಳ ಕೆಳಗೆ. ಹಿಂದಿನ ಐದಾರು ವರ್ಷದ ಒಂದೊಂದು ನಿಯಮವನ್ನೂ ಉಲ್ಟಾ ಮಾಡಿದಂತಿದೆ. ಈ ಒಂದು ಚಿತ್ರ ತಲೆಯಲ್ಲಿ ಕೂತುಬಿಟ್ಟರೆ 1947ರಿಂದ 1956ರವರೆಗಿನ ಬಹಳಷ್ಟು ಉಡುಪು ತಾನಾಗಿ ಗುರುತು ಸಿಗುತ್ತದೆ.

ನನ್ನ ಮಟ್ಟಿಗೆ ಡಿಯೋರ್‌ಗಿಂತ ಬಾಲೆನ್ಸಿಯಾಗ ದೊಡ್ಡವರು. ಎಲ್ಲರೂ ಸೊಂಟ ಬಿಗಿಯುತ್ತಿದ್ದಾಗ ಆ ಸ್ಪೇನಿನ ಮನುಷ್ಯ ಬಟ್ಟೆಯನ್ನು ಬೆನ್ನಿನಿಂದ ದೂರ ಸರಿಸುತ್ತಾ ಹೋದರು. 1957ರ ಸ್ಯಾಕ್ ಉಡುಪಿನಲ್ಲಿ ಸೊಂಟವೇ ಮಾಯ. ಮರುವರ್ಷ, ಡಿಯೋರ್ ತೀರಿಕೊಂಡ ಮೇಲೆ ಅವರ ಫ್ಯಾಷನ್ ಸಂಸ್ಥೆಯ ಮುಖ್ಯ ವಿನ್ಯಾಸಕರಾಗಿದ್ದ ಈವ್ ಸ್ಯಾನ್ ಲೊರಾನ್ ಭುಜದಿಂದ ಅಗಲವಾಗುತ್ತಾ ಬರುವ ಟ್ರಪೀಜ್ ಉಡುಪು ತೋರಿಸಿದರು. ಅಲ್ಲಿಂದ ಅರವತ್ತರ ದಶಕದ ಗಿಡ್ಡ, ನೇರ, ಸೊಂಟವಿಲ್ಲದ ಫ್ರಾಕಿಗೆ ಒಂದೇ ಹೆಜ್ಜೆ. ಲಂಡನ್ನಿನಲ್ಲಿ ಮೇರಿ ಕ್ವಾಂಟ್, ಪ್ಯಾರಿಸ್ಸಿನಲ್ಲಿ ಆಂದ್ರೆ ಕುರೇಜ್ ಅಂಚನ್ನು ಮೊಣಕಾಲಿನ ಮೇಲಕ್ಕೆ ಎತ್ತಿದರು. ಇಪ್ಪತ್ತರ ದಶಕದ್ದೂ ಸೊಂಟವಿಲ್ಲದ ಉಡುಪೇ, ಹಾಗಾಗಿ ಗೊಂದಲ ಆಗುತ್ತದೆ. ಬಟ್ಟೆ ಮೈಮೇಲೆ ಜೋತು ಬಿದ್ದಿದ್ದರೆ ಇಪ್ಪತ್ತು. ಗಟ್ಟಿಯಾಗಿ ತಾನೇ ನಿಂತಿದ್ದರೆ ಅರವತ್ತು.

ಎಪ್ಪತ್ತರ ದಶಕಕ್ಕೆ ಬಂದರೆ ಅಂಚು ನೋಡಿ ಉಪಯೋಗವಿಲ್ಲ. ಮಿನಿ, ಮಿಡಿ, ಮ್ಯಾಕ್ಸಿ ಮೂರೂ ಒಂದೇ ಬೀದಿಯಲ್ಲಿ ಓಡಾಡುತ್ತಿದ್ದವು. ಬಟ್ಟೆಯ ಗುಣ ನೋಡಿ. ಜರ್ಸಿ ಅನ್ನುವ ಮೆತ್ತಗಿನ ಹೆಣೆದ ಬಟ್ಟೆ, ಮೈಮೇಲೆ ಜಾರುವ ಗೆರೆ, ದೊಡ್ಡ ಕಾಲರ್. ಡಯಾನ್ ವಾನ್ ಫರ್ಸ್ಟನ್‌ಬರ್ಗ್ ಅವರ 1974ರ ರ‍್ಯಾಪ್ ಡ್ರೆಸ್ ಒಳ್ಳೆಯ ಮಾದರಿ, ಜಿಪ್ಪೂ ಇಲ್ಲ, ಗುಂಡಿಯೂ ಇಲ್ಲ, ಸುತ್ತಿ ಕಟ್ಟಿದರೆ ಆಯ್ತು.

ಎಂಬತ್ತರಲ್ಲಿ ಭುಜ ಮತ್ತೆ ಅಗಲವಾಯಿತು. ನಲವತ್ತರ ಭುಜದ ಜೊತೆ ಉಳಿದ ಬಟ್ಟೆ ಬಿಗಿ ಇರುತ್ತದೆ. ಎಂಬತ್ತರ ಭುಜದ ಕೆಳಗೆ ಜಾಕೆಟ್ಟು ಎಷ್ಟೋ ಸಲ ದೊಗಳೆ. ಇದೇ ಹೊತ್ತಿಗೆ, 1981ರಲ್ಲಿ, ಜಪಾನಿನ ರೇ ಕವಾಕುಬೊ ಮತ್ತು ಯೋಜಿ ಯಮಾಮೊಟೊ ಪ್ಯಾರಿಸ್ಸಿಗೆ ಬಂದರು. ಅವರ ಕರಿ, ಸಡಿಲ, ಎರಡು ಕಡೆ ಒಂದೇ ಥರ ಇಲ್ಲದ ಬಟ್ಟೆಗಳ ಮುಂದೆ ನಮ್ಮ ಸೊಂಟ ಹುಡುಕುವ ಆಟ ನಡೆಯುವುದಿಲ್ಲ. ಕವಾಕುಬೊ 1997ರ ಬೇಸಿಗೆ ಸಂಗ್ರಹದಲ್ಲಂತೂ ಬೆನ್ನಿಗೆ, ಸೊಂಟಕ್ಕೆ, ಹೊಟ್ಟೆಗೆ ಬೇಕಾದಲ್ಲೆಲ್ಲ ಪ್ಯಾಡಿನ ಉಂಡೆ ತುಂಬಿಟ್ಟರು. ಗೆರೆ ಎಳೆದು ನೋಡಿ ಏನೂ ತಿಳಿಯದಿದ್ದರೆ, ಅದು 1981ರ ಈಚಿನದು ಅನ್ನುವ ಅನುಮಾನವನ್ನಾದರೂ ಇಟ್ಟುಕೊಳ್ಳಬಹುದು.

ಇಷ್ಟೆಲ್ಲ ಉಡುಪಿನ ಮಾತಾಯ್ತು. ಆದರೆ ಶತಮಾನದ ಮೊದಲ ಅರ್ಧದಲ್ಲಿ ನಿಮಗೆ ಸಿಗುವ ಪುರಾವೆ ಬಹಳಷ್ಟು ಸಲ ಕೈಯಲ್ಲಿ ಬರೆದ ಚಿತ್ರ, ಮತ್ತು ಚಿತ್ರ ಬರೆದವರು ಸುಳ್ಳು ಹೇಳುತ್ತಾರೆ. ಬೇಕಂತಲೇ ಹೇಳುತ್ತಾರೆ, ಅದೇ ಅವರ ಕೆಲಸ. ನಿಜವಾದ ಮನುಷ್ಯನ ಎತ್ತರ ತಲೆಯ ಏಳೂವರೆ ಪಟ್ಟಿನಷ್ಟು. ಫ್ಯಾಷನ್ ಚಿತ್ರದಲ್ಲಿ ಒಂಬತ್ತು, ಹತ್ತು ಕೂಡ ಇರುತ್ತದೆ, ಹೆಚ್ಚಿಸಿದ್ದೆಲ್ಲ ಕಾಲಿಗೇ ಹೋಗಿರುತ್ತದೆ. ಹಾಗಾಗಿ ಅಂಚು ಎಲ್ಲಿದೆ ಅಂತ ಚಿತ್ರದ ಒಟ್ಟು ಎತ್ತರದಿಂದ ಅಳೆಯಬೇಡಿ. ಮೊಣಕಾಲು ಎಲ್ಲಿದೆ ಗುರುತಿಸಿ, ಅಲ್ಲಿಂದ ಅಳೆಯಿರಿ.

ಇನ್ನೊಂದು ದೊಡ್ಡ ಸುಳ್ಳು ಇದೆ. ಲೂಸಿಯನ್ ವೊಗೆಲ್ 1912ರಲ್ಲಿ ಗಜೆಟ್ ದ್ಯು ಬೊಂ ತೊಂ ಅನ್ನುವ ಪತ್ರಿಕೆ ಶುರು ಮಾಡಿದರು, 1925ರವರೆಗೆ ನಡೆಯಿತು. ಜಾರ್ಜ್ ಲೆಪಾಪ್, ಜಾರ್ಜ್ ಬಾರ್ಬಿಯೆ, ಶಾರ್ಲ್ ಮಾರ್ತಾಂ ಅಂಥ ಕಲಾವಿದರು ಅದಕ್ಕೆ ಚಿತ್ರ ಬರೆಯುತ್ತಿದ್ದರು. ಅದರ ಕೆಲವು ಚಿತ್ರಗಳು ಪ್ವಾರೆ, ವರ್ತ್, ಪಾಕಾಂ ಮುಂತಾದ ಫ್ಯಾಷನ್ ಸಂಸ್ಥೆಗಳು ನಿಜವಾಗಿ ಹೊಲಿದ ಉಡುಪಿನವು. ಇನ್ನು ಕೆಲವು ಕಲಾವಿದರೇ ತಲೆಯಿಂದ ಹುಟ್ಟಿಸಿದ್ದು, ಯಾರೂ ಹೊಲಿದೇ ಇರಲಿಲ್ಲ! ಚಿತ್ರದ ಕೆಳಗಿನ ಸಾಲು ಓದಿ. ಅಲ್ಲಿ ಉಡುಪು ಹೊಲಿದ ಸಂಸ್ಥೆಯ ಹೆಸರಿದ್ದರೆ ನಂಬಬಹುದು. ಕಲಾವಿದನ ಸಹಿ ಮಾತ್ರ ಇದ್ದರೆ ಸ್ವಲ್ಪ ಹುಷಾರು.

ಈ ಚಿತ್ರಗಳನ್ನು ಗುರುತಿಸಲು ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಆ ಕಾಲದ ದುಬಾರಿ ಪ್ಲೇಟುಗಳಿಗೆ, ಅಂದರೆ ಅಚ್ಚಾದ ಚಿತ್ರದ ಹಾಳೆಗಳಿಗೆ, ಬಣ್ಣ ಹಾಕಿದ್ದು ಪೊಶ್ವಾರ್ ಅನ್ನುವ ವಿಧಾನದಲ್ಲಿ. ಒಂದೊಂದು ಬಣ್ಣಕ್ಕೂ ಒಂದೊಂದು ತಗಡಿನ ಅಚ್ಚು ಕತ್ತರಿಸಿ, ಅದರ ಮೇಲೆ ಕೈಯಿಂದಲೇ ಬ್ರಷ್ ಆಡಿಸುತ್ತಿದ್ದರು. ಹತ್ತಿರ ಹಿಡಿದು ನೋಡಿದರೆ ಬಣ್ಣ ಕಾಗದದ ಮೇಲೆ ಕೂತಿರುವುದು ಕಾಣುತ್ತದೆ, ಅಂಚಿನಲ್ಲಿ ಸ್ವಲ್ಪ ದಪ್ಪ, ಕೆಲವೆಡೆ ಬ್ರಷ್ಷಿನ ಗೀರು, ಎರಡು ಬಣ್ಣ ಸೇರುವಲ್ಲಿ ಕೂದಲೆಳೆಯಷ್ಟು ಬಿಳಿ ಸಂದು ಅಥವಾ ಒಂದರ ಮೇಲೊಂದು ಏರಿದ ಗೆರೆ. ಅದರ ಬದಲು ಸಾಲು ಸಾಲು ಸಣ್ಣ ಚುಕ್ಕಿ ಕಂಡರೆ ಅದು ಆಮೇಲೆ ಪ್ರೆಸ್ಸಿನಲ್ಲಿ ಒತ್ತಿದ ನಕಲು, ಎಷ್ಟೇ ಹಳೆಯದಾಗಿ ಕಾಣಲಿ. ಈ ವಿಧಾನಕ್ಕೆ ಫ್ಯಾಷನ್‌ನಲ್ಲಿ ಹೆಸರು ತಂದದ್ದು ಪ್ವಾರೆಯೇ. 1908ರಲ್ಲಿ ತಮ್ಮ ಉಡುಪುಗಳನ್ನು ಪಾಲ್ ಇರೀಬ್ ಕೈಯಲ್ಲಿ ಬರೆಸಿ ಆಲ್ಬಂ ಮಾಡಿದರು, 1911ರಲ್ಲಿ ಲೆಪಾಪ್ ಕೈಯಲ್ಲಿ ಇನ್ನೊಂದು. ಚಪ್ಪಟೆ ಬಣ್ಣ, ತೆಳು ಗೆರೆ, ಬೆನ್ನು ತಿರುಗಿಸಿ ನಿಂತ ಹೆಂಗಸರು. ಪ್ವಾರೆಯ ನೇರ ಇಳಿಯುವ ಬಟ್ಟೆಗೆ ಆ ಚಪ್ಪಟೆ ಬಣ್ಣ ಎಷ್ಟು ಹೊಂದಿಕೊಂಡಿತು ಅಂದರೆ, ಉಡುಪು ಚಿತ್ರವನ್ನು ಬದಲಿಸಿತೋ ಚಿತ್ರ ಉಡುಪನ್ನು ಬದಲಿಸಿತೋ ಹೇಳೋದು ಕಷ್ಟ.

ಚಿತ್ರ ಬರೆಯುವ ಶೈಲಿಯೂ ಕಾಲ ಹೇಳುತ್ತದೆ. ಚಿನ್ನ ಬೆಳ್ಳಿಯ ಕುಸುರಿ, ನಾಟಕದ ರಾಣಿಯಂಥ ಹೆಂಗಸು, ಉದ್ದುದ್ದ ಇಳಿಬಿದ್ದ ತುಪ್ಪಳ ಅಂದರೆ ಎರ್ತೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ ಪ್ಯಾರಿಸ್ ಸೇರಿದ ಇವರು 1915ರಿಂದ ಎರಡು ದಶಕ ಹಾರ್ಪರ್ಸ್ ಬಜಾರ್‌ಗೆ ಮುಖಪುಟ ಬರೆದರು. ಮೂವತ್ತು, ನಲವತ್ತರ ದಶಕದ ಫ್ಯಾಷನ್ ಪತ್ರಿಕೆ ವೋಗ್‌ನಲ್ಲಿ ಎರಿಕ್ ಅಂತ ಸಹಿ ಮಾಡುತ್ತಿದ್ದ ಕಾರ್ಲ್ ಎರಿಕ್ಸನ್ ಇದ್ದಾರೆ, ಎದುರಿಗೆ ಮಾಡೆಲ್ ಕೂರಿಸಿಕೊಂಡೇ ಬರೆಯುತ್ತಿದ್ದವರು, ಹಾಗಾಗಿ ಅವರ ಹೆಂಗಸರು ನಿಜವಾಗಿ ಉಸಿರಾಡುತ್ತಾರೆ. ಇನ್ನು ದಪ್ಪ ಕರಿ ಗೆರೆ, ಒಂದು ಕೆಂಪು ಬಣ್ಣ, ಸುತ್ತ ಬರೀ ಬಿಳಿ ಜಾಗ, ಮೂಲೆಯಲ್ಲಿ ನಕ್ಷತ್ರ ಹೊತ್ತ ಜಿ ಅಕ್ಷರ ಕಂಡರೆ ರೆನೆ ಗ್ರುವೊ. 1947ರ ಮಿಸ್ ಡಿಯೋರ್ ಸುಗಂಧದ ಜಾಹೀರಾತಿಗೆ ಇವರು ಬಾಟಲಿಯನ್ನೂ ಬರೆಯಲಿಲ್ಲ, ಹುಡುಗಿಯನ್ನೂ ಬರೆಯಲಿಲ್ಲ. ಕುತ್ತಿಗೆಗೆ ಮುತ್ತಿನ ಸರ, ಕರಿ ರಿಬ್ಬನ್ ಕಟ್ಟಿಕೊಂಡ ಬಿಳಿ ಹಂಸ ಬರೆದರು. ಆ ಕುತ್ತಿಗೆಯ ಬಾಗು ನೋಡಿ, ನ್ಯೂ ಲುಕ್ ಗೆರೆ ಅದೇ.

ಆಗಲೇ ಫೋಟೋ ಬಂದು ಚಿತ್ರಕಾರರ ಜಾಗ ಕಿರಿದಾಗುತ್ತಿತ್ತು. ವೋಗ್‌ನ ಮೊದಲ ಕಲರ್ ಫೋಟೋ ಮುಖಪುಟ 1932ರ ಜುಲೈನದು, ಎಡ್ವರ್ಡ್ ಸ್ಟೈಕನ್ ತೆಗೆದದ್ದು. ಅರವತ್ತರ ನಂತರ ಫ್ಯಾಷನ್ ಪುಟಗಳಲ್ಲಿ ಕೈಚಿತ್ರ ಕಂಡರೆ ಮೊದಲು ಆಂಟೋನಿಯೊ ಅನ್ನುವ ಸಹಿ ಹುಡುಕಿ. ಪೋರ್ಟೊರಿಕೋದಲ್ಲಿ ಹುಟ್ಟಿದ ಆಂಟೋನಿಯೊ ಲೋಪೆಜ್, ಜೊತೆಗಾರ ಹುವಾನ್ ರಾಮೋಸ್ ಇಬ್ಬರೂ ಸೇರಿ ಮಾಡಿದ ಕೆಲಸ ಅದು. ಒಂದು ವರ್ಷ ಪಾಪ್, ಮರುವರ್ಷ ಬೇರೇನೋ, ಹೀಗೆ ಶೈಲಿ ಬದಲಿಸುತ್ತಲೇ ಇದ್ದರು, ಆದ್ದರಿಂದ ಸಹಿಯೇ ಗತಿ.

ಮೋಸ ಹೋಗುವ ಜಾಗಗಳೂ ಇವೆ. ಫ್ಯಾಷನ್ ತನ್ನದೇ ಹಳೆಯದನ್ನು ಕದಿಯುತ್ತದೆ. ಸ್ಯಾನ್ ಲೊರಾನ್ 1971ರಲ್ಲಿ ನಲವತ್ತರ ದಶಕದ ಭುಜ ವಾಪಸ್ ತಂದಾಗ ಯುದ್ಧದ ನೆನಪಿದ್ದವರು ಸಿಟ್ಟಾದರು. ತೊಂಬತ್ತರ ದಶಕದ, ಒಳಲಂಗದಂಥ ತೆಳು ಸ್ಲಿಪ್ ಡ್ರೆಸ್ ಮೂವತ್ತರ ಕ್ರಾಸ್ ಕಟಿಂಗಿನದೇ ಮೊಮ್ಮಗಳು. ಇಂಥಲ್ಲಿ ಉಡುಪು ಬಿಟ್ಟು ಕೂದಲು, ಹುಬ್ಬು, ಶೂ ನೋಡಿ. ಬಟ್ಟೆ ಹಳೆಯದನ್ನು ನಕಲು ಮಾಡಿದರೂ ಹುಬ್ಬು ಆಯಾ ಕಾಲದ್ದೇ ಆಗಿರುತ್ತದೆ. ಮೂವತ್ತರಲ್ಲಿ ದಾರದಂತೆ ತೆಳುವಾಗಿ ಬರೆದ ಹುಬ್ಬು, ಎಂಬತ್ತರಲ್ಲಿ ಪೊದೆ.

ಅಭ್ಯಾಸಕ್ಕೆ ಮ್ಯೂಸಿಯಂಗಳ ಆನ್‌ಲೈನ್ ಸಂಗ್ರಹಕ್ಕಿಂತ ಒಳ್ಳೆಯದು ಇಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಗಜೆಟ್‌ನ ಪ್ಲೇಟುಗಳಿವೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್, ಕ್ಯೋಟೊ ಕಾಸ್ಟ್ಯೂಮ್ ಇನ್‌ಸ್ಟಿಟ್ಯೂಟ್ ಇವುಗಳಲ್ಲಿ ನಿಜವಾದ ಉಡುಪುಗಳ ಫೋಟೋ ಇಸವಿ ಸಮೇತ ಇದೆ. ಇಸವಿ ಇರುವ ಸಾಲನ್ನು ಕೈಯಿಂದ ಮುಚ್ಚಿ, ಊಹಿಸಿ, ಆಮೇಲೆ ತೆಗೆದು ನೋಡಿ. ಐದು ವರ್ಷ ಆಚೀಚೆ ಬಂದರೆ ಚೆನ್ನಾಗಿಯೇ ಹೇಳಿದಿರಿ ಅಂತ ಅರ್ಥ.

ಉಡುಪೇ ಕೈಗೆ ಸಿಕ್ಕಿದರೆ ಒಳಮೈ ತಿರುಗಿಸಿ. ಪಕ್ಕದ ಹೊಲಿಗೆಯಲ್ಲಿ ಲೋಹದ ಜಿಪ್ ಇದ್ದರೆ ಸಾಮಾನ್ಯವಾಗಿ ಮೂವತ್ತರ ಕೊನೆಯಿಂದ ಐವತ್ತರವರೆಗಿನದು, ಬೆನ್ನಿನಲ್ಲಿ ನೈಲಾನ್ ಜಿಪ್ ಇದ್ದರೆ ಅರವತ್ತರ ಈಚೆಗೆ. ಎರಡು ಸಿ ಅಕ್ಷರ ಮತ್ತು 41 ಇರುವ ಗುರುತು ಬ್ರಿಟನ್ನಿನ ಯುದ್ಧಕಾಲದ ಯುಟಿಲಿಟಿ ಯೋಜನೆಯದು, ಅದು 1952ರವರೆಗೂ ನಡೆಯಿತು. ಉಣ್ಣೆಯ ವೂಲ್‌ಮಾರ್ಕ್ ಗುರುತು ಇದ್ದರೆ 1964ಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಹೇಗೆ ಒಗೆಯಬೇಕು ಅನ್ನುವ ಲೇಬಲ್ ಹೊಲಿದಿರುವ ಅಮೆರಿಕದ ಬಟ್ಟೆ ಹೆಚ್ಚಾಗಿ 1972ರ ನಂತರದ್ದು. ವಿಯೊನೆ ತಮ್ಮ ಉಡುಪಿನ ಲೇಬಲ್ ಮೇಲೆ ಹೆಬ್ಬೆರಳ ಗುರುತು ಒತ್ತುತ್ತಿದ್ದರು, ನಕಲು ಮಾಡುವವರ ಕಾಟ ಅಷ್ಟಿತ್ತು. ಜಿಪ್ಪನ್ನು ಮಾತ್ರ ಒಂದೇ ಪುರಾವೆ ಅಂತ ನಂಬಬೇಡಿ, ಕೆಟ್ಟಾಗ ಯಾರಾದರೂ ಬದಲಾಯಿಸಿರುತ್ತಾರೆ. ಅದರ ಸುತ್ತ ಹಳೆಯ ಹೊಲಿಗೆಯ ತೂತು ಕಾಣುತ್ತದಾ, ದಾರದ ಬಣ್ಣ ಬೇರೆ ಇದೆಯಾ ನೋಡಿಕೊಳ್ಳಿ.