ಭಂಡಾರದರಾಕ್ಕೆ ಹೋದರೆ ಎರಡು ರಾತ್ರಿ ಹಳ್ಳಿಯಲ್ಲೇ ಇರಿ

ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಭಂಡಾರದರಾಕ್ಕೆ ಬರುವ ಎಷ್ಟೋ ಜನ ಬೆಳಿಗ್ಗೆ ಬಂದು, ಅಣೆಕಟ್ಟಿನ ಮುಂದೆ ಫೋಟೊ ತೆಗೆದುಕೊಂಡು, ಸಂಜೆಗೆಲ್ಲ ವಾಪಸ್ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಹ್ಯಾದ್ರಿಯ ಈ ಮೂಲೆಯ ನಿಜವಾದ ಚೆಂದ ಇರುವುದು ಕತ್ತಲಾದ ಮೇಲೆ, ಆಮೇಲೆ ಬೆಳಗಿನ ಜಾವ.

ಬೆಂಗಳೂರಿನಿಂದಾದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲ್ಯಾಣ್‌ನಲ್ಲಿ ಇಳಿಯಿರಿ. ಅಲ್ಲಿಂದ ನಾಸಿಕ್ ಕಡೆ ಹೋಗುವ ರೈಲಿನಲ್ಲಿ ಇಗತ್‌ಪುರಿ. ರೈಲು ಕಸಾರಾ ಘಾಟ್ ಹತ್ತುವಾಗ ನಿದ್ದೆ ಮಾಡಬೇಡಿ. ಇಗತ್‌ಪುರಿಯಿಂದ ಘೋಟಿ ದಾಟಿ ಸುಮಾರು ಒಂದೂವರೆ ಗಂಟೆ ರಸ್ತೆ.

ಯಾವಾಗ ಹೋಗಬೇಕು? ನನ್ನ ಮಟ್ಟಿಗೆ ಮೇ ಕೊನೆಯ ವಾರ, ಜೂನ್ ಮೊದಲ ವಾರ. ಮಳೆ ಹಿಡಿಯುವ ಮುಂಚೆ ಇಲ್ಲಿ ಮಿಣುಕುಹುಳಗಳ ಕಾಲ. ಮೊದಲು ಒಂದು ಕೊಂಬೆ ಮಿನುಗುತ್ತದೆ, ಆಮೇಲೆ ಪಕ್ಕದ್ದು, ನೋಡುತ್ತಾ ನೋಡುತ್ತಾ ಇಡೀ ಮರ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತದೆ, ನಾವು ಮಾತೇ ಮರೆತು ನಿಂತುಬಿಡುತ್ತೇವೆ. ಅವು ಬೆಳಕಿನಲ್ಲೇ ಜೊತೆ ಹುಡುಕುವುದು ಅಲ್ವಾ, ಹಾಗಾಗಿ ಟಾರ್ಚ್, ಫ್ಲ್ಯಾಶ್, ಗಾಡಿಯ ಹೆಡ್‌ಲೈಟ್ ಎಲ್ಲಾ ಆರಿಸಿ. ಹುಲ್ಲಿನೊಳಗೆ ಕಾಲಿಡಬೇಡಿ, ಹೆಣ್ಣುಹುಳಗಳು ಜಾಸ್ತಿ ಅಲ್ಲೇ ಕೂತಿರುತ್ತವೆ.

ಚಾರಣ ಬೇಕೆಂದರೆ ಬಾರಿ ಹಳ್ಳಿಯಿಂದ ಕಳಸೂಬಾಯಿ. 1646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಕಡಿದಾದ ಕಡೆಯೆಲ್ಲ ಕಬ್ಬಿಣದ ಏಣಿಗಳಿವೆ. ಮಂಜಿನಲ್ಲಿ ಸರಳು ಒದ್ದೆಯಾಗಿ ಕೈ ಜಾರುತ್ತದೆ, ಹಿಂದಿನವರು ಅವಸರ ಮಾಡಿದರೂ ನೀವು ನಿಧಾನಕ್ಕೇ ಇಳಿಯಿರಿ. ಸಾಮ್ರದ್ ಹತ್ತಿರದ ಸಾಂದಣ್ ಕಣಿವೆ ಬಂಡೆ ಸೀಳಿದಂಥ ಕಿರಿದಾದ ದಾರಿ, ಮಳೆಗಾಲದಲ್ಲಿ ಅದರೊಳಗೆ ನೀರು ನುಗ್ಗುತ್ತದೆ. ಆಗ ಬೇಡವೇ ಬೇಡ.

ರತನವಾಡಿಯ ಅಮೃತೇಶ್ವರ ದೇವಸ್ಥಾನಕ್ಕೆ ಮಾತ್ರ ಜನ ಬರುವ ಮೊದಲೇ, ಬೆಳಿಗ್ಗೆ ಬೇಗ ಹೋಗಿ. ಕರಿಕಲ್ಲಿನ ಗೋಡೆಯ ಕೆತ್ತನೆಯ ಮೇಲೆ ಎಳೆಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. 1926ರಲ್ಲಿ ಮುಗಿದ ವಿಲ್ಸನ್ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಚಾಚಿದೆ.

ಉಳಿಯಲು ಹಳ್ಳಿಮನೆಗಳಿವೆ. ಊಟಕ್ಕೆ ಭಾಕರಿ ಅಂದರೆ ರೊಟ್ಟಿ, ಕಡಲೆಹಿಟ್ಟಿನ ಪಿಠ್ಲ, ಮೆಣಸಿನಕಾಯಿ ಕುಟ್ಟಿ ಮಾಡಿದ ಠೇಚಾ. ಪಿಠ್ಲ ಅಂದರೆ ನಮ್ಮ ಉತ್ತರ ಕರ್ನಾಟಕದ ಝುಣಕದ ಸಂಬಂಧಿಯೇ, ಬಾಯಿಗೆ ಹೊಸದು ಅನ್ನಿಸುವುದಿಲ್ಲ. ಎಷ್ಟು ಜನ ಬರುತ್ತೀರಿ ಅಂತ ಇಗತ್‌ಪುರಿಯಲ್ಲಿದ್ದಾಗಲೇ ಫೋನ್ ಮಾಡಿ ಹೇಳಿಬಿಡಿ, ನಗದನ್ನೂ ಅಲ್ಲೇ ತೆಗೆದುಕೊಳ್ಳಿ. ಗುಡ್ಡದ ಮರೆಗೆ ಹೋದ ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ.