ಜೀವಕೋಶಗಳ ಮೇಲೆ ಔಷಧ ಪರೀಕ್ಷೆ: ಐಸಿ50 ಸರಿಯಾಗಿ ತೆಗೆಯುವುದು ಹೇಗೆ?

ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ಬೇಸರದಿಂದ ಬಂದು ಕುಳಿತಳು. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧದ ಐಸಿ50, ಅಂದರೆ ಜೀವಕೋಶಗಳ ಚಟುವಟಿಕೆಯನ್ನು ಅರ್ಧಕ್ಕಿಳಿಸುವ ಸಾಂದ್ರತೆ, ಮೂರು ಸಲ ಮಾಡಿದರೆ ಮೂರು ತರಹ ಬರುತ್ತಿತ್ತು. ತಂತ್ರಾಂಶ ಬದಲಿಸಿಯೂ ನೋಡಿದ್ದಳು. ಮರುದಿನ ಅವಳ ಪಕ್ಕದಲ್ಲೇ ನಿಂತು ನೋಡಿದೆ. ಔಷಧವನ್ನು ಹಂತ ಹಂತವಾಗಿ ತೆಳುಗೊಳಿಸುವ ಎಂಟು ಟ್ಯೂಬ್‌ಗಳಿಗೂ ಪಿಪೆಟ್‌ನ ಒಂದೇ ಟಿಪ್ (ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಮೂತಿ)! ಕೇಳಿದರೆ, ‘ಸರ್, ಎಂಟರಲ್ಲೂ ಇರುವುದು ಒಂದೇ ಔಷಧ ತಾನೇ?’ ಎಂದಳು.

ಅವಳದೊಬ್ಬಳದೇ ತಪ್ಪಲ್ಲ. ನಮ್ಮ ಕಾಲದಲ್ಲಿ ಕಪ್ಪೆಯ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಹಾಕಿ, ಹೊಗೆ ಹಿಡಿಸಿದ ಡ್ರಮ್ ಮೇಲೆ ಗೆರೆ ಎಳೆಸುತ್ತಿದ್ದರು. ಡೈಲ್ಯೂಷನ್, ಅಂದರೆ ಔಷಧವನ್ನು ಅಳತೆಯಲ್ಲಿ ತೆಳುಗೊಳಿಸುವುದು, ನಾವೇ ಮಾಡಿಕೊಳ್ಳಬೇಕಿತ್ತು. ತಪ್ಪಿದರೆ ಗೆರೆಯೇ ಹೇಳುತ್ತಿತ್ತು. ಈಗ ಆ ಪಾಠ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತದೆ. ಪ್ರಾಣಿಗಳು ಉಳಿದವು, ಅದು ಒಳ್ಳೆಯದೇ. ಆದರೆ ಎಂ.ಡಿ., ಎಂ.ಫಾರ್ಮ್ ಮುಗಿಸಿ ಪಿಎಚ್.ಡಿ.ಗೆ ಬರುವವರ ಕೈಗೆ ಡೈಲ್ಯೂಷನ್ ಅಭ್ಯಾಸವೇ ಇರುವುದಿಲ್ಲ. ಅದಕ್ಕೇ ಈ ಲೇಖನ.

ಮೊದಲು ಕೋಶಗಳನ್ನು ಬಿತ್ತುವುದು. 96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟಿನಲ್ಲಿ ವೆಲ್‌ಗೆ 5,000ದಿಂದ 10,000 ಕೋಶ, 100 ಮೈಕ್ರೋಲೀಟರ್ ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವ); ಅಂಟಿಕೊಳ್ಳಲು ಒಂದು ರಾತ್ರಿ ಬಿಡಿ. ಅಂಚಿನ 36 ವೆಲ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಅವುಗಳಿಗೆ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತುಂಬಿ, ನಾಲ್ಕೈದರಲ್ಲಿ ಮಾತ್ರ ಬ್ಲ್ಯಾಂಕ್‌ಗಾಗಿ, ಅಂದರೆ ಕೋಶವಿಲ್ಲದ ಓದಿಗಾಗಿ, ಬರೀ ಮೀಡಿಯಂ ಹಾಕಿ. ಒಳಗಿನ 60 ನಿಮ್ಮ ಹೊಲ.

ಎರಡನೆಯದು ಸ್ಟಾಕ್, ಅಂದರೆ ಗಾಢವಾದ ಮೂಲ ದ್ರಾವಣ. 10 ಮಿಲಿಮೋಲಾರ್ ಬೇಕಾದರೆ 1 ಮಿಲಿಲೀಟರ್ ಡಿಎಂಎಸ್‌ಒಗೆ (ಔಷಧ ಕರಗಿಸುವ ದ್ರಾವಕ) ಡಾಕ್ಸೊರುಬಿಸಿನ್ ಹೈಡ್ರೋಕ್ಲೋರೈಡ್ 5.8 ಮಿಲಿಗ್ರಾಂ. ಬಾಟಲಿಯಲ್ಲಿರುವುದು ಲವಣ, ಅದರ ಅಣುತೂಕ 580. ಪುಸ್ತಕ ನೋಡಿ ಬರೀ ಡಾಕ್ಸೊರುಬಿಸಿನ್‌ನ 543.5 ಹಿಡಿದು ತೂಗಿದರೆ ಅಲ್ಲೇ ಶೇ 6ಕ್ಕೂ ಹೆಚ್ಚು ಖೋತಾ. ಡಿಎಂಎಸ್‌ಒ ಅಗ್ಗಕ್ಕೆ ಸಿಗುತ್ತದೆಂದು ದೊಡ್ಡ ಬಾಟಲಿ ತರಬೇಡಿ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಕೋಶಗಳಿಗೆಂದೇ ಬರುವ ಚಿಕ್ಕ ಬಾಟಲಿ ಸಾಕು. 18.5 ಡಿಗ್ರಿಗೆ ಅದು ಗಟ್ಟಿಯಾಗುತ್ತದೆ. ಫ್ರೀಜರ್‌ನಿಂದ ತೆಗೆದ ಸ್ಟಾಕ್ ಪೂರ್ತಿ ಕರಗಿ, ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಮುಚ್ಚಳ ತೆಗೆಯಿರಿ.

ಒಂದು ಎಚ್ಚರಿಕೆ: ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಂ ಔಷಧ ಪರೀಕ್ಷಿಸುವವರು ಡಿಎಂಎಸ್‌ಒ ಮುಟ್ಟಲೇಬಾರದು. ಅದು ಪ್ಲಾಟಿನಂಗೆ ಅಂಟಿಕೊಂಡು ಔಷಧವನ್ನೇ ಕೆಡಿಸುತ್ತದೆ. ಸಿಸ್‌ಪ್ಲಾಟಿನ್‌ಗೆ ಶೇ 0.9ರ ಸಲೈನ್.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಎಂಟು ಟ್ಯೂಬ್‌ಗಳಿಗೆ 1ರಿಂದ 8 ಎಂದು ಬರೆಯಿರಿ. ಒಂದನೆಯದಕ್ಕೆ ಸ್ಟಾಕ್ 316 ಮೈಕ್ರೋಲೀಟರ್. ಉಳಿದ ಏಳಕ್ಕೂ ತಲಾ 216 ಮೈಕ್ರೋಲೀಟರ್ ಬರೀ ಡಿಎಂಎಸ್‌ಒ, ಮೀಡಿಯಂ ಅಲ್ಲ. ಒಂದರಿಂದ 100 ತೆಗೆದು ಎರಡಕ್ಕೆ ಹಾಕಿ, ಹತ್ತು ಸಲ ಮೇಲೆ ಕೆಳಗೆ ಎಳೆದು ಬೆರೆಸಿ, ಟಿಪ್ ಎಸೆಯಿರಿ. ಹೊಸ ಟಿಪ್‌ನಲ್ಲಿ ಎರಡರಿಂದ ಮೂರಕ್ಕೆ. ಹೀಗೆ ಎಂಟರವರೆಗೆ. ಪ್ರತಿ ಹೆಜ್ಜೆಗೂ ಸಾಂದ್ರತೆ 3.16 ಪಟ್ಟು ಇಳಿಯುತ್ತದೆ: 10, 3.16, 1, 0.316 ಮಿಲಿಮೋಲಾರ್, ಹೀಗೆ. ಎರಡು ಹೆಜ್ಜೆಗೆ ಸರಿಯಾಗಿ ಹತ್ತು ಪಟ್ಟು.

ಟಿಪ್‌ ಹೊರಮೈಯನ್ನು ಬೆಳಕಿಗೆ ಹಿಡಿದು ನೋಡಿ. ಡಿಎಂಎಸ್‌ಒ ಮಂದ ದ್ರವ, ಎಣ್ಣೆಯ ಹಾಗೆ ತೆಳ್ಳಗೆ ಅಂಟಿಕೊಂಡಿರುತ್ತದೆ. ಡಾಕ್ಸೊರುಬಿಸಿನ್ ಕೆಂಪಾದ್ದರಿಂದ ಕಣ್ಣಿಗೇ ಕಾಣುತ್ತದೆ. ಅದೇ ಟಿಪ್ ಮುಂದಿನ ಟ್ಯೂಬ್‌ಗೆ ಹೋದರೆ ಆ ಪೊರೆಯೂ ಜೊತೆಗೇ ಹೋಗುತ್ತದೆ. ಕೊನೆಯ ಟ್ಯೂಬ್‌ಗಳಲ್ಲಿ ಚೀಟಿ ಹೇಳುವುದಕ್ಕಿಂತ ಹೆಚ್ಚು ಔಷಧ ಸೇರಿ, ಅದು ಇರುವುದಕ್ಕಿಂತ ಪ್ರಬಲವಾಗಿ ಕಾಣುತ್ತದೆ. ಟಿಪ್‌ನ ತುದಿಯನ್ನು ದ್ರವದಲ್ಲಿ ಎರಡು ಮೂರು ಮಿಲಿಮೀಟರ್‌ಗಿಂತ ಆಳಕ್ಕೆ ಇಳಿಸಬೇಡಿ, ನಿಧಾನವಾಗಿ ಎಳೆಯಿರಿ. ಪಿಪೆಟ್‌ಗೆ ಸಡಿಲವಾಗಿ ಕೂರುವ ಅಗ್ಗದ ಟಿಪ್‌ಗಳು ಪ್ರತಿ ಸಲವೂ ಒಂದಿಷ್ಟು ಕಡಿಮೆ ಎಳೆಯುತ್ತವೆ. ಅವನ್ನು ಬಣ್ಣದ ನೀರಿಗೆ ಇಟ್ಟುಕೊಳ್ಳಿ, ಔಷಧಕ್ಕೆ ಬೇಡ.

ಡಿಎಂಎಸ್‌ಒದಲ್ಲೇ ಏಕೆ? ಮೀಡಿಯಂನಲ್ಲಿ ಸರಣಿ ಮಾಡಿದರೆ ಔಷಧದ ಜೊತೆ ಡಿಎಂಎಸ್‌ಒ ಕೂಡ ಇಳಿಯುತ್ತಾ ಹೋಗುತ್ತದೆ. ಆಗ ನಿಮ್ಮ ಕಂಟ್ರೋಲ್ (ಔಷಧವಿಲ್ಲದೆ ಬರೀ ಡಿಎಂಎಸ್‌ಒ ಹಾಕಿದ ವೆಲ್) ಒಂದೇ ಒಂದು ಡೋಸ್‌ಗೆ ಸರಿಹೊಂದುತ್ತದೆ, ಉಳಿದ ಏಳು ಅನಾಥ. ಡಿಎಂಎಸ್‌ಒ ತಾನೇ ಕೋಶಗಳಿಗೆ ಹಿತವಲ್ಲ. ವೆಲ್‌ನಲ್ಲಿ ಶೇ 0.5 ದಾಟಿಸಬಾರದು, ಮತ್ತು ಎಲ್ಲ ವೆಲ್‌ಗಳಲ್ಲೂ ಒಂದೇ ಇರಬೇಕು.

ಆಮೇಲೆ ಪ್ರತಿ ಟ್ಯೂಬ್‌ನಿಂದ 10 ಮೈಕ್ರೋಲೀಟರ್ ತೆಗೆದು 990 ಮೀಡಿಯಂಗೆ ಹಾಕಿ ಬೆರೆಸಿ. ಇದನ್ನು ವೆಲ್‌ಗೆ 100 ಮೈಕ್ರೋಲೀಟರ್ ಹಾಕುತ್ತೀರಿ, ಅಲ್ಲಿ ಮೊದಲೇ 100 ಇದೆ. ಅಂದರೆ ಸಾಂದ್ರತೆ ಮತ್ತೆ ಅರ್ಧ! ಮೊದಲ ಟ್ಯೂಬ್‌ನದು 100 ಅಲ್ಲ, 50 ಮೈಕ್ರೋಮೋಲಾರ್. ಈ ಅರ್ಧವನ್ನು ಮರೆತು ಎಲ್ಲ ಅಂಕಿಗಳನ್ನೂ ದುಪ್ಪಟ್ಟು ಬರೆದ ಥೀಸಿಸ್ ನನ್ನ ಮೇಜಿಗೇ ಬಂದಿದೆ. ಮೂರು ವರ್ಷದ ದುಡಿಮೆ ಹೀಗಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪ್ಲೇಟನ್ನು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿ. ಸೂಜಿಯಂಥ ಹರಳು ಕಂಡರೆ ಔಷಧ ಕರಗಿಲ್ಲ, ಆ ಡೋಸ್ ಬಿಟ್ಟುಬಿಡಿ.

48 ಗಂಟೆಯಾದ ಮೇಲೆ ಎಂಟಿಟಿ ಎಂಬ ಬಣ್ಣದ ಪರೀಕ್ಷೆ. ಟಿಮ್ ಮೋಸ್ಮನ್ 1983ರಲ್ಲಿ ಪ್ರಕಟಿಸಿದ ವಿಧಾನ: ಬದುಕಿರುವ ಕೋಶ ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಮಾಡುತ್ತದೆ. 5 ಮಿಲಿಗ್ರಾಂ/ಮಿಲಿಲೀಟರ್ ದ್ರಾವಣ 20 ಮೈಕ್ರೋಲೀಟರ್, ಕತ್ತಲಲ್ಲಿ ಮೂರು ನಾಲ್ಕು ಗಂಟೆ. ಮೀಡಿಯಂ ಮೆಲ್ಲಗೆ ತೆಗೆದು, ಹರಳನ್ನು 100 ಮೈಕ್ರೋಲೀಟರ್ ಡಿಎಂಎಸ್‌ಒದಲ್ಲಿ ಕರಗಿಸಿ, 570 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣದ ಗಾಢತೆ ಓದಿ.

ನೆಲ್ಲಿಕಾಯಿ, ಅರಿಶಿನ, ಗ್ರೀನ್ ಟೀ ಸಾರ ಪರೀಕ್ಷಿಸುವವರು ಇಲ್ಲಿ ನಿಲ್ಲಿ. ವಿಟಮಿನ್ ಸಿ, ಪಾಲಿಫಿನಾಲ್‌ಗಳು ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಸತ್ತ ಕೋಶಗಳು ಬದುಕಿದ ಹಾಗೆ ಕಾಣುತ್ತವೆ. ಎಂಟಿಟಿಗೆ ಮುಂಚೆ ಪಿಬಿಎಸ್‌ನಲ್ಲಿ ತೊಳೆಯಿರಿ. ಪ್ರತಿ ಡೋಸ್‌ಗೂ ಕೋಶವಿಲ್ಲದ ವೆಲ್ ಇಡಿ, ಇನ್ನೊಂದು ಪ್ಲೇಟ್ ಬೇಕಾದರೂ ಸರಿಯೇ.

ಕರ್ವ್ ಎಳೆಯುವುದು ಸುಲಭ. ಅಡ್ಡ ಅಕ್ಷದಲ್ಲಿ ಸಾಂದ್ರತೆಯ ಲಾಗ್, ನಾಲ್ಕು ಪ್ಯಾರಾಮೀಟರ್‌ನ ಸಮೀಕರಣ. ಎ.ವಿ. ಹಿಲ್ 1910ರಲ್ಲಿ ಹಿಮೋಗ್ಲೋಬಿನ್‌ಗೆ ಕೊಟ್ಟ ಸೂತ್ರದ ಮರಿಯೇ ಅದು. ಎಕ್ಸೆಲ್‌ನ ನೇರ ಗೆರೆ ಬೇಡ. ಕದ್ದ ತಂತ್ರಾಂಶವೂ ಬೇಡ. ‘ಆರ್’ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದಲ್ಲಿ ‘ಡಿಆರ್‌ಸಿ’ ಪ್ಯಾಕೇಜ್ ಉಚಿತ. ಒಂದೇ ಪ್ಲೇಟಿನ ಆರು ವೆಲ್ ಎಂದರೆ ಆರು ಪ್ರಯೋಗವಲ್ಲ. ಬೇರೆ ಬೇರೆ ದಿನ, ಹೊಸದಾಗಿ ಬಿತ್ತಿದ ಕೋಶ, ಹೊಸ ಡೈಲ್ಯೂಷನ್. ಹೀಗೆ ಮೂರು ಸಲವಾದರೆ ಮೂರು. ಕರ್ವ್ ಶೇ 50ರ ಗೆರೆ ದಾಟದಿದ್ದರೆ ಐಸಿ50 ಊಹಿಸಬೇಡಿ, ‘50 ಮೈಕ್ರೋಮೋಲಾರ್‌ಗಿಂತ ಹೆಚ್ಚು’ ಎಂದಷ್ಟೇ ಬರೆಯಿರಿ. ‘ಕೋಶಗಳು ಸತ್ತವು’ ಎಂದೂ ಬರೆಯಬೇಡಿ, ಎಂಟಿಟಿ ಅಳೆಯುವುದು ಚಟುವಟಿಕೆಯನ್ನು. ಸಾವಿನ ಮಾತು ಹೇಳಬೇಕಿದ್ದರೆ ಸತ್ತ ಕೋಶಗಳಿಗೆ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ಎಣಿಸಿದ ಮೇಲೆ ಹೇಳಿ.