ತವಾದ ಮೇಲೆ ಕಾಲಿ-ಪೀಲಿ ಟ್ಯಾಕ್ಸಿ

ಮಕ್ಕಳಿಗೆ ಚಿತ್ರದ ಪ್ಯಾನ್‌ಕೇಕ್, ಅಂದರೆ ಬಣ್ಣದ ಹಿಟ್ಟಿನಿಂದ ತವಾದ ಮೇಲೆ ಚಿತ್ರ ಬರೆದು ಬೇಯಿಸುವ ಸಿಹಿ ದೋಸೆ, ಮಾಡಿಕೊಡಬೇಕು ಅಂದಾಗ ಹೆಚ್ಚಿನವರು ಹಿಂಜರಿಯುವುದು ತಮಗೆ ಚಿತ್ರ ಬಿಡಿಸಲು ಬಾರದು ಅಂತ. ರಂಗೋಲಿ ಎಳೆಯುವ ಕೈಗೆ ಈ ಭಯ ಬೇಡವೇ ಬೇಡ. ಇಲ್ಲಿ ಕೆಡುವುದೆಲ್ಲ ಉರಿಯಿಂದ ಮತ್ತು ಹಿಟ್ಟಿನ ಹದದಿಂದ. ದೋಸೆಗೆ ಕಾಯಿಸಿದಂತೆ ತವಾ ಕಾಯಿಸಿದರೆ ಟ್ಯಾಕ್ಸಿಯ ಎರಡನೇ ಚಕ್ರ ಬರೆಯುವಷ್ಟರಲ್ಲಿ ಮೊದಲನೆಯದು ಸೀದು ಕರಿಯಾಗಿರುತ್ತದೆ.

ಅಂಗೈಗಿಂತ ತುಸು ದೊಡ್ಡದಾದ ಐದಾರು ಪ್ಯಾನ್‌ಕೇಕ್‌ಗೆ ಮೈದಾ 1 ಕಪ್, ಅಂದರೆ ಸುಮಾರು 125 ಗ್ರಾಂ ಸಾಕು. ಅದಕ್ಕೆ ಕಾರ್ನ್‌ಫ್ಲೋರ್ 1 ದೊಡ್ಡ ಚಮಚ, ಪುಡಿ ಸಕ್ಕರೆ 1 ದೊಡ್ಡ ಚಮಚ, ಚಿಟಿಕೆ ಉಪ್ಪು, ಬೇಕಿಂಗ್ ಪೌಡರ್ ಅರ್ಧ ಸಣ್ಣ ಚಮಚ ಸೇರಿಸಿ ಜರಡಿ ಹಿಡಿಯಿರಿ. 220 ಮಿ.ಲೀ. ಹಾಲು, 1 ದೊಡ್ಡ ಚಮಚ ಎಣ್ಣೆ ಹಾಕಿ ಗಂಟಿಲ್ಲದಂತೆ ಕಲಸಿ, ಕೊನೆಗೆ ಚಹಾ ಸೋಸುವ ಜಾಲರಿಯಲ್ಲಿ ಒಮ್ಮೆ ಸೋಸಲೇಬೇಕು. ಸಾಸಿವೆಯಷ್ಟು ಗಂಟು ಉಳಿದರೂ ಬಾಟಲಿಯ ಮೂತಿ ಕಟ್ಟಿ, ಒತ್ತಿದಾಗ ಬುಳಕ್ ಅಂತ ಚಿಮ್ಮಿ ಮುಖದ ಚಿತ್ರಕ್ಕೆ ಮೂರನೇ ಕಣ್ಣು ಬರುತ್ತದೆ. ಸಾಮಾನ್ಯ ಪ್ಯಾನ್‌ಕೇಕ್‌ಗೆ ಇದರ ಮೂರು ಪಟ್ಟು ಬೇಕಿಂಗ್ ಪೌಡರ್ ಹಾಕುತ್ತಾರೆ, ಮೆತ್ತಗೆ ಉಬ್ಬಲಿ ಅಂತ. ಚಿತ್ರಕ್ಕೆ ಆ ಉಬ್ಬು ಶತ್ರು; ಗುಳ್ಳೆ ಎದ್ದಷ್ಟೂ ಗೆರೆ ತುಂಡಾಗುತ್ತದೆ. ಸಕ್ಕರೆ ಹೆಚ್ಚಿದರೆ ಬೇಗ ಕಂದುತ್ತದೆ, ಬಣ್ಣವೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಸಿಹಿ ಬೇಕಾದರೆ ತಿನ್ನುವಾಗ ಜೇನು ಇದ್ದೇ ಇದೆ.

ಮೊಟ್ಟೆ ಹಾಕುವ ಮನೆಯಲ್ಲಿ ಒಂದು ಮೊಟ್ಟೆಗೆ ಹಾಲನ್ನು 180 ಮಿ.ಲೀ.ಗೆ ಇಳಿಸಿ, ಕಾರ್ನ್‌ಫ್ಲೋರ್ ಬಿಡಬಹುದು. ಆದರೆ ಮೊಟ್ಟೆಯ ಹಳದಿ ನೀಲಿಯನ್ನು ಹಸಿರಿನ ಕಡೆಗೆ ಎಳೆಯುತ್ತದೆ. ಸಮುದ್ರ, ಆಕಾಶ ಬೇಕಾದ ದಿನ ಮೊಟ್ಟೆ ಬೇಡ. ಗೋಧಿ ಹಿಟ್ಟು ಅರ್ಧಕ್ಕರ್ಧ ಸೇರಿಸಿದರೆ ರುಚಿಗೆ ತೊಂದರೆಯಿಲ್ಲ, ಬಣ್ಣ ಮಾತ್ರ ಮಾಸಲು. ಮನೆಯಲ್ಲಿ ಮಿಕ್ಕ ದೋಸೆ ಹಿಟ್ಟಿನಲ್ಲೇ ಮಾಡಿದರಾಯಿತು ಅನ್ನುವವರಿದ್ದಾರೆ. ಹುದುಗಿದ ಹಿಟ್ಟು ತೂತು ತೂತಾಗಿ ಏಳುವುದೇ ಅದರ ಗುಣ, ಗೆರೆ ಅಲ್ಲಿ ನಿಲ್ಲುವುದಿಲ್ಲ.

ಕಲಸಿದ ಹಿಟ್ಟು 15 ನಿಮಿಷ ಕೂತ ಮೇಲೆ ಹದ ನೋಡಿ. ಉದ್ದಿನ ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆ ಹಿಟ್ಟಿಗಿಂತ ಎಷ್ಟೋ ದಪ್ಪ. ಚಮಚದಿಂದ ಬಿಟ್ಟ ಎಳೆ ಮೇಲ್ಮೈಯಲ್ಲಿ ಎರಡು ಮೂರು ಸೆಕೆಂಡ್ ಕಂಡು ಆಮೇಲೆ ಕರಗಬೇಕು. ತಕ್ಷಣ ಮುಳುಗಿದರೆ ಒಂದು ಚಮಚ ಮೈದಾ, ಕರಗದೆ ಹಾಗೇ ನಿಂತರೆ ಒಂದೊಂದೇ ಸಣ್ಣ ಚಮಚ ಹಾಲು. ಮುಂಬೈ, ಗೋವಾದ ಮಳೆಗಾಲದಲ್ಲಿ ತೆರೆದಿಟ್ಟ ಬೇಕಿಂಗ್ ಪೌಡರ್ ತೇವ ಹೀರಿ ಸತ್ತುಹೋಗಿರುತ್ತದೆ. ಅರ್ಧ ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡಿ, ನೊರೆ ಬಾರದಿದ್ದರೆ ಹೊಸ ಡಬ್ಬಿ ತನ್ನಿ.

ಇನ್ನು ಬಣ್ಣ. ಗೆರೆಗೆ ಕಾಲು ಕಪ್ ಹಿಟ್ಟು ತೆಗೆದಿಟ್ಟು ಅದಕ್ಕೆ ಕೋಕೋ ಪುಡಿ ಒಂದೂವರೆ ಸಣ್ಣ ಚಮಚ ಬೆರೆಸಿ. ಕೋಕೋ ಹಾಲು ಹೀರುತ್ತದೆ, ಹಾಗಾಗಿ ಒಂದು ಸಣ್ಣ ಚಮಚ ಹಾಲು ಜಾಸ್ತಿ. ಕೋಕೋ ಬೇಡವಾದರೆ ಹುರಿದ ರಾಗಿ ಹಿಟ್ಟೂ ಆಗುತ್ತದೆ, ಗೆರೆ ಸ್ವಲ್ಪ ಒರಟು. ಹಳದಿಗೆ ಅರಿಶಿನ ಕಾಲು ಚಮಚವೂ ಹೆಚ್ಚೇ. ಚಿಟಿಕೆಯಲ್ಲಿ ಶುರು ಮಾಡಿ. ಅಡಿಗೆ ಸೋಡಾ ಮಾತ್ರ ಹತ್ತಿರ ತರಬೇಡಿ. ಢೋಕ್ಲಾದಲ್ಲಿ ಅರಿಶಿನ ಜಾಸ್ತಿಯಾದರೆ ಕೆಂಪು ಚುಕ್ಕೆ ಬೀಳುವುದನ್ನು ಮುಂಬೈ-ಪುಣೆಯವರು ಎಲ್ಲರೂ ಕಂಡಿದ್ದಾರೆ, ಅದು ಸೋಡಾದ ಕ್ಷಾರಕ್ಕೆ ಅರಿಶಿನ ಕೆಂಪಗಾಗುವುದು. ಕಿತ್ತಳೆಗೆ ಬೇಯಿಸಿ ಅರೆದ ಗಜ್ಜರಿ, ಅಂದರೆ ಕ್ಯಾರೆಟ್. ಎಷ್ಟು ಬೇಯಿಸಿದರೂ ಬಣ್ಣ ಬಿಡದ ಒಳ್ಳೆಯ ತರಕಾರಿ ಅದು.

ತಕರಾರು ಇರುವುದು ಬೀಟ್‌ರೂಟ್‌ನದು. ಬಟ್ಟಲಲ್ಲಿ ಗುಲಾಬಿ, ತಟ್ಟೆಯಲ್ಲಿ ಮಣ್ಣು. ಅದರ ಬಣ್ಣ ಬಿಸಿಗೂ ಕ್ಷಾರಕ್ಕೂ ತಾಳುವುದಿಲ್ಲ. ಹಸಿ ಬೀಟ್‌ರೂಟ್ ತುರಿದು ಹಿಂಡಿದ ರಸ ಕಾಲು ಕಪ್ ಹಿಟ್ಟಿಗೆ ಎರಡು ಸಣ್ಣ ಚಮಚ, ಜೊತೆಗೆ ಮೂರು ಹನಿ ನಿಂಬೆರಸ ಹಾಕಿ, ಅತಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಗುಲಾಬಿ ಉಳಿಯುತ್ತದೆ. ಅಚ್ಚ ಕೆಂಪು ಇದರಿಂದ ಬರುವುದಿಲ್ಲ, ಮುಂಬೈಯ ಬೆಸ್ಟ್ ಬಸ್ಸಿನ ಕೆಂಪು ಬೇಕೆಂದು ಹಟ ಹಿಡಿದ ಮಗುವಿಗೆ ಬೇರೆ ಚಿತ್ರ ಒಪ್ಪಿಸಿ. ಪಾಲಕ್‌ನದು ಇದರ ಉಲ್ಟಾ: ಹುಳಿ ಸೋಕಿದರೆ ಹಸಿರು ಕೆಟ್ಟು ಮಿಲಿಟರಿ ಬಣ್ಣವಾಗುತ್ತದೆ. ಅದಕ್ಕೇ ಮೂಲ ಹಿಟ್ಟಿಗೆ ಮೊಸರು ಹೇಳಲಿಲ್ಲ. ಎಲೆಯನ್ನು ಕುದಿನೀರಲ್ಲಿ ಒಂದೇ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಅರೆದು ಸೋಸಿ. ನೀಲಿಗೆ ಶಂಖಪುಷ್ಪ, ಮರಾಠಿಯವರು ಗೋಕರ್ಣ ಅನ್ನುತ್ತಾರೆ. ಬಾಲ್ಕನಿ ಕುಂಡದಲ್ಲಿ ಚೆನ್ನಾಗಿ ಹಬ್ಬುವ ಬಳ್ಳಿ, ಪೂಜೆಗೆ ಮಾರುವ ಹೂವಿಗಿಂತ ಕುಂಡದ್ದೇ ನಂಬಿಕೆ. ಹತ್ತು ಒಣ ಹೂವನ್ನು ಎರಡು ದೊಡ್ಡ ಚಮಚ ಬಿಸಿ ಹಾಲಲ್ಲಿ ಐದು ನಿಮಿಷ ನೆನೆಸಿ ಹಿಂಡಿ. ಆ ನೀಲಿಗೆ ನಿಂಬೆ ಹನಿಸಿದರೆ ನೇರಳೆ, ಮಕ್ಕಳಿಗೆ ಅದೇ ಒಂದು ಮ್ಯಾಜಿಕ್. ಹೀಗೆ ರಸ, ಹಾಲು ಸೇರಿಸಿದ ಬಟ್ಟಲಿಗೆಲ್ಲ ಒಂದು ಚಮಚ ಮೈದಾ ಬೆರೆಸಿ ಹದ ಸರಿಮಾಡಬೇಕು. ಗೋವಾ ಕಡೆಯವರಿಗೆ ಕೋಕಂ ನೆನಪಾಗಬಹುದು. ಅದರ ರಸವಾದ ಆಗಳಕ್ಕೆ ಉಪ್ಪು ಹಾಕಿರುತ್ತಾರೆ, ಹಾಲು ಬೇರೆ ಒಡೆಯುತ್ತದೆ, ಬಿಡಿ.

ಅಂಗಡಿ ಬಣ್ಣವೇ ಬೇಕೆಂದರೆ ಜೆಲ್ ತನ್ನಿ, ಟೂತ್‌ಪಿಕ್‌ನ ತುದಿಗೆ ಅಂಟಿದಷ್ಟು ಸಾಕು, ನೀರಿನ ಬಣ್ಣ ಹಿಟ್ಟನ್ನು ತೆಳ್ಳಗೆ ಮಾಡುತ್ತದೆ. ಪ್ಯಾಕೆಟ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ‘ಜಿಲೇಬಿ ರಂಗ್’ ಮನೆಗೆ ಬೇಡ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧಿಸಿದ್ದು, ಬಣ್ಣದ ಬೊಂಬಾಯಿ ಮಿಠಾಯಿಯನ್ನು ನಿಲ್ಲಿಸಿದ್ದು ನೆನಪಿರಲಿ. ಅಲ್ಲಿ ಸಿಕ್ಕಿಬಿದ್ದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ.

ಬಾಟಲಿ ಕೆಚಪ್ ಒತ್ತುವಂಥದ್ದು ಸಾಕು. ಗೆರೆಗೆ ಮೂತಿ 2 ಮಿ.ಮೀ., ತುಂಬಲು 4 ಮಿ.ಮೀ. ಅದಿಲ್ಲದಿದ್ದರೆ ಮೆಹಂದಿ ಕೋನ್ ಸುತ್ತುವ ಹಾಗೆ ಬಟರ್ ಪೇಪರ್ ಸುತ್ತಿ ತುದಿ ಕತ್ತರಿಸಿ. ತವಾ ಚಪ್ಪಟೆಯಾದ ನಾನ್‌ಸ್ಟಿಕ್ ಇರಲಿ. ದೋಸೆಯ ಕಬ್ಬಿಣದ ಕಾವಲಿಯಲ್ಲಿ ನಡು ಗುಳಿಬಿದ್ದಿದ್ದರೆ ಹಿಟ್ಟು ಅತ್ತಲೇ ಜಾರುತ್ತದೆ, ಮುಖ ಬರೆದರೆ ಮೂಗು ಗಲ್ಲಕ್ಕೆ ಬರುತ್ತದೆ. ಎಣ್ಣೆ ಎರಡು ಹನಿ ಹಾಕಿ ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಎಣ್ಣೆ ನಿಂತಲ್ಲಿ ಚಿರತೆಯಂತೆ ಮಚ್ಚೆ ಬೀಳುತ್ತದೆ. ಅರ್ಧ ಈರುಳ್ಳಿಯಿಂದ ಉಜ್ಜುವ ದೋಸೆ ಅಭ್ಯಾಸ ಇಲ್ಲಿ ತೋರಿಸಬೇಡಿ, ಸಿಹಿಗೆ ಘಾಟು ಹತ್ತುತ್ತದೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು: ತವಾಕ್ಕೆ ಅಂಟಿದ ಬದಿಯೇ ಚಿತ್ರದ ಮುಖ. ಹಾಗಾಗಿ ಕಣ್ಣಿಗೆ ಮೇಲೆ ಕಾಣಬೇಕಾದ್ದನ್ನೆಲ್ಲ ಮೊದಲು ಹಾಕಬೇಕು, ಮತ್ತು ಎಡ-ಬಲ ಅದಲುಬದಲು. ಮುಂಬೈಯ ಹಳೆಯ ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯನ್ನೇ ತೆಗೆದುಕೊಳ್ಳಿ. 2023ರ ಅಕ್ಟೋಬರ್ ಕೊನೆಗೆ ಅದು ರಸ್ತೆ ಬಿಟ್ಟಿತು, ಪ್ಯಾನ್‌ಕೇಕ್‌ನಲ್ಲಿ ಇನ್ನೂ ಓಡಬಹುದು. ಒಲೆ ಹಚ್ಚದ ತಣ್ಣನೆ ತವಾದ ಮೇಲೆ ಮೊದಲು ಬಣ್ಣವಿಲ್ಲದ ಹಿಟ್ಟಿನಲ್ಲಿ ಬಾಗಿಲ ಹಿಡಿ ಒಂದು ಚುಕ್ಕೆ, ಪ್ರತಿ ಚಕ್ರದ ನಟ್ಟನಡುವೆ ಒಂದೊಂದು ಚುಕ್ಕೆ. ಟ್ಯಾಕ್ಸಿಯ ಮೂತಿ ಎಡಕ್ಕಿಟ್ಟು ಕೋಕೋ ಹಿಟ್ಟಿನಲ್ಲಿ ಬಾನೆಟ್, ಮಾಡು, ಕಿಟಕಿ ಚೌಕಟ್ಟು, ಚಕ್ರ ಎಳೆಯಿರಿ. ತಟ್ಟೆಗೆ ಬಂದಾಗ ಟ್ಯಾಕ್ಸಿ ಬಲಕ್ಕೆ ಹೊರಟಿರುತ್ತದೆ. ಈಗ ಅತಿ ಸಣ್ಣ ಉರಿ. ಗೆರೆಯ ಮೇಲಿನ ಹೊಳಪು ಆರುವವರೆಗೆ, ಅಂದರೆ ಮುಕ್ಕಾಲು ನಿಮಿಷದಷ್ಟು ಕಾದು ಉರಿ ಆರಿಸಿ. ಮೊದಲು ಬಿದ್ದ ಹಿಟ್ಟು ಹೆಚ್ಚು ಹೊತ್ತು ಬೇಯುವುದರಿಂದಲೇ ಗೆರೆ ಕಪ್ಪಗೆ ಎದ್ದು ಕಾಣುವುದು. ಆಮೇಲೆ ಕೆಳಗಿನ ಮೈಗೆ ಕೋಕೋ, ಚುಕ್ಕೆಗಳ ಮೇಲೂ ಬರುವ ಹಾಗೆ. ಮಾಡಿಗೆ ಹಳದಿ, ಕಿಟಕಿಗೆ ಬಿಳಿ. ಅಂಚಿನಿಂದ ಒಳಗೆ ತುಂಬುತ್ತ ಬನ್ನಿ, ಗೆರೆಗೂ ಬಣ್ಣಕ್ಕೂ ನಡುವೆ ಕೂದಲೆಳೆ ಸಂದು ಬಿಟ್ಟರೂ ಮಗುಚುವಾಗ ಅಲ್ಲೇ ಹರಿಯುತ್ತದೆ. ಕೊನೆಗೆ ಸುತ್ತಲೂ ಬಿಳಿ ಹಿಟ್ಟು ಹರಡಿ ಗುಂಡಗೆ ಮಾಡಿದರೆ ಚಕ್ರ ಮುರಿಯುವುದಿಲ್ಲ.

ಮತ್ತೆ ಸಣ್ಣ ಉರಿ, ಎರಡೂವರೆ-ಮೂರು ನಿಮಿಷ. ಮೇಲೆಲ್ಲ ಹಸಿ ಹೊಳಪು ಹೋಗಿ ಅಂಚು ಏಳುವಾಗ ಅಗಲದ ಸಟ್ಟುಗ ಪೂರ್ತಿ ಅಡಿಗೆ ಹಾಕಿ ಒಂದೇ ಸಲಕ್ಕೆ ಮಗುಚಿ. ಅರ್ಧ ನಿಮಿಷ ಸಾಕು. ಮುಚ್ಚಳ ಮುಚ್ಚಬೇಡಿ, ಅದರ ಬೆವರು ಹನಿಹನಿಯಾಗಿ ಬಿದ್ದು ಹಿಟ್ಟನ್ನು ಕದಡುತ್ತದೆ. ಎರಡನೆಯದಕ್ಕೆ ಮೊದಲು ತವಾವನ್ನು ಒದ್ದೆ ಬಟ್ಟೆಯ ಮೇಲಿಟ್ಟು ತಣಿಸಿ. ಮೊದಲನೆಯದು ಚೆಂದ, ಮೂರನೆಯದು ಕರಕಲು ಅನ್ನುವ ಗೋಳಿಗೆ ಕಾರಣ ತವಾ ತಣಿಸದಿರುವುದೊಂದೇ. ಇಂಡಕ್ಷನ್‌ನಲ್ಲಿ ಕಾವು ಬಿಟ್ಟು ಬಿಟ್ಟು ಬಂದು ಬಳೆಯಾಕಾರದಲ್ಲಿ ಕಂದುತ್ತದೆ, ಗ್ಯಾಸೇ ವಾಸಿ.

ತಣ್ಣನೆ ತವಾದಿಂದ ಇನ್ನೊಂದು ಲಾಭ, ಮಗು ಮೇಜಿನ ಬಳಿ ಕೂತು ತಾನೇ ಗೆರೆ ಎಳೆಯಬಹುದು, ಒಲೆಗೆ ಇಡುವುದು ಮಾತ್ರ ದೊಡ್ಡವರು. ಮುಂಬೈ ಕಡೆಯ ಡೊಂಬಿವಲಿ, ಮುಲುಂಡ್‌ನಲ್ಲಿ ಶಾಲೆಯಲ್ಲಿ ದೇವನಾಗರಿ ಬರೆಯುವ ನಮ್ಮ ಕನ್ನಡದ ಮಕ್ಕಳಿಗೆ ಕನ್ನಡ ಅಕ್ಷರ ತಿನ್ನಿಸಲು ಇದಕ್ಕಿಂತ ಒಳ್ಳೆಯ ಪಾಟಿ ಇಲ್ಲ. ತೆಳು ಕಾಗದದಲ್ಲಿ ಮಾರ್ಕರ್‌ನಿಂದ ಮಗುವಿನ ಹೆಸರು ಬರೆದು, ಕಾಗದ ತಿರುವಿ ಕಿಟಕಿಗೆ ಹಿಡಿದು ಹಿಂದಿನಿಂದ ಕಾಣುವುದನ್ನು ನೋಡಿ ಬರೆಯಿರಿ. ತಲೆಕಟ್ಟು ಬಲಕ್ಕೆ ಏಳುವ ಬದಲು ಎಡಕ್ಕೆ ಏಳಬೇಕು, ಹೆಚ್ಚಿನ ತಪ್ಪು ಅಲ್ಲೇ. ಒತ್ತಕ್ಷರ ಇರುವ ಹೆಸರಿಗೆ ತವಾ ಸಾಲದು, ಮನೆಯಲ್ಲಿ ಕರೆಯುವ ಹೆಸರೇ ಇರಲಿ.

ಬಡಿಸುವಾಗ ಮೇಲೆ ಸಿರಪ್ ಸುರಿದರೆ ಚಿತ್ರ ಮುಳುಗಿತು. ಜೇನನ್ನು ಪಕ್ಕದ ಬಟ್ಟಲಲ್ಲಿ ಕೊಡಿ, ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೇಡ. ಗೋವಾದ ಅಲೆಬೆಲೆಯ ಹಾಗೆ ಒಳಗೆ ಕಾಯಿ-ಬೆಲ್ಲದ ಹೂರಣ ಇಟ್ಟು ಸುರುಳಿ ಸುತ್ತಿದರೆ ಚಿತ್ರ ಹೊರಗೆ ಉಳಿಯುತ್ತದೆ, ಡಬ್ಬಿಗೂ ಆಗುತ್ತದೆ. ಹೂರಣ ಒಣಗಿರಬೇಕು, ಪ್ಯಾನ್‌ಕೇಕ್ ಬೆಚ್ಚಗಿರುವಾಗಲೇ ಸುತ್ತಬೇಕು, ಆರಿದರೆ ಬಿರುಕು. ಮಿಕ್ಕ ಹಿಟ್ಟಿನಲ್ಲಿ ಕೋಕೋ ಮತ್ತು ಬಿಳಿ ಫ್ರಿಜ್‌ನಲ್ಲಿ ಮರುದಿನದವರೆಗೆ ತಾಳುತ್ತವೆ. ಪಾಲಕ್, ಬೀಟ್‌ರೂಟ್ ತಾಳುವುದಿಲ್ಲ, ಅವನ್ನು ಅಂದೇ ಬಿಳಿ ಹಿಟ್ಟಿನ ಜೊತೆ ಚುಕ್ಕೆ ಚುಕ್ಕೆಯಾಗಿ ಬಿಟ್ಟು ರಂಗಪಂಚಮಿ ಮಾಡಿ ಮುಗಿಸಿ. ಒಂದೇ ಬಟ್ಟಲಿಗೆ ಸುರಿದು ಕಲಕಿದರೆ ಮಾತ್ರ ಎಲ್ಲ ಸೇರಿ ಕೆಸರು ಬಣ್ಣ, ಯಾವ ಮಗುವೂ ಮುಟ್ಟುವುದಿಲ್ಲ.